ಹನ್ನೊಂದೂ ಹಸಿರು

ಹೊಳೆದಂಡೆಯ ಮಠದ ಅಜ್ಜಾರಿಗೆ ಒಳ್ಳೆಯ ಸುದ್ದಿಯೆಂದರೆ ಆಗಿಬರುತ್ತಿರಲಿಲ್ಲ. ಕೆಟ್ಟ ಸುದ್ದಿ ತಂದವರಿಗೆ ಚಾಪೆ ಹಾಕಿಸುತ್ತಿದ್ದರು. ಒಳ್ಳೆಯ ಸುದ್ದಿ ತಂದವರನ್ನು ನಿಲ್ಲಿಸಿಯೇ ಮಾತಾಡಿಸುತ್ತಿದ್ದರು.

ಕಾವಿ ಉಡುವ ಮೊದಲು ಅವರು ಇಪ್ಪತ್ತು ವರ್ಷ ಕಂಪ್ಯೂಟರ್ ಕೆಲಸ ಮಾಡಿದವರು. ಈ ಸಂಶಯ ಅಲ್ಲಿಂದಲೇ ಅಂಟಿರಬೇಕು.

ಮಠದ ಹಿಂದಿನ ಕೋಣೆಯಲ್ಲಿ ಒಂದು ಸರ್ವರ್ ಇತ್ತು. ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳನ್ನು ಎಚ್ಚರಿಸುವುದು ಅದರ ಕೆಲಸ. ಅದರೊಳಗೆ ಒಂದು ಮಾಡ್ಯೂಲ್, ಎಂದರೆ ಸಣ್ಣ ಪ್ರೋಗ್ರಾಮ್, ನೀರಿನ ಮಟ್ಟ ಓದುತ್ತಿತ್ತು, ಒಂದು ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು, ಒಂದು ಗುಡಿಯ ಮೈಕಿನಲ್ಲಿ ಸಾರುತ್ತಿತ್ತು. ಹೀಗೆ ಬಿಡಿಬಿಡಿಯಾಗಿ ಹಲವು. ಬೇರೆ ಬೇರೆ ಕಾಲದ ಶಿಷ್ಯರು ಬರೆದಿಟ್ಟು ಹೋದವು.

ಅವೆಲ್ಲ ನಿಂತಿದ್ದ ಪ್ರೋಗ್ರಾಮಿಂಗ್ ಭಾಷೆಗೆ ಈಗ ಹೊಸ ಆವೃತ್ತಿ ಬಂದಿತ್ತು. ಹಳೆಯದು ಕೆಟ್ಟರೆ ಇನ್ನು ರಿಪೇರಿ ಮಾಡಿಕೊಡುವವರಿಲ್ಲ. ಎಲ್ಲವನ್ನೂ ಹೊಸ ಆವೃತ್ತಿ ಹಾಕಿದ ಇನ್ನೊಂದು ಮಷಿನ್‌ಗೆ ಸಾಗಿಸುವ ಕೆಲಸ ಶಿವಪುತ್ರ ಎಂಬ ಶಿಷ್ಯನ ಪಾಲಿಗೆ ಬಂತು. ಕೆಲಸ ಸರಿಯಾಗಿ ಮುಗಿದರೆ ಸರ್ವರ್ ಕೋಣೆಯ ಕೀಲಿ ಅವನದು. ಮೂರು ವರ್ಷದಿಂದ ಅವನ ಕಣ್ಣು ಆ ಕೀಲಿಯ ಮೇಲಿತ್ತು.

ಅಣೆಕಟ್ಟಿನ ಗೇಟು ಯಾವ ದಿನ ಬೆಳಿಗ್ಗೆ ತೆರೆಯುತ್ತಾರೆಂದು ಮೊದಲೇ ತಿಳಿಸಿದ್ದರು. ಅದರ ಹಿಂದಿನ ದಿನ, ಮಧ್ಯಾಹ್ನದ ಊಟಕ್ಕೆ ಮೊದಲು, ಶಿವಪುತ್ರ ಅಜ್ಜಾರ ಮುಂದೆ ಬಂದು ನಿಂತ.

"ಮುಗೀತ್ರಿ ಅಜ್ಜಾರ. ಮುಂಜಾನಿಂದ ಹೊಸದ ನಡದೈತಿ. ಪರೀಕ್ಷೆ ಎಲ್ಲಾ ಪಾಸಾಗಿ ಹಸಿರು ಬಂದಾವ."

"ಕೆಂಪು ಒಂದೂ ಇಲ್ಲೇನು?"

"ಒಂದೂ ಇಲ್ರಿ."

"ಹಳದಿ?"

"ಅದೂ ಇಲ್ರಿ."

ಅಜ್ಜಾರ ಮುಖ ಸಣ್ಣದಾಯಿತು.

"ಹಳೇ ಮನಿ ಹೆಂಚು ಇಳಿಸಿ ಹೊಸ ಮನಿಗೆ ಹೊದಿಸೀದಿ. ಒಂದೂ ಒಡೀಲಿಲ್ಲ?"

"ಇಲ್ರಿ."

"ಎಲ್ಲಾ ಸರಿ ಐತಂತ ಯಾರು ಹೇಳಿದ್ರು?"

"ಪರೀಕ್ಷೆನ ಹೇಳ್ತಾವಲ್ರಿ."

ಶಿವಪುತ್ರನಿಗೆ ಸಿಟ್ಟು ಬಂತು. ಹದಿನೈದು ದಿನ ಕಣ್ಣು ಕೆಂಪಗೆ ಮಾಡಿಕೊಂಡು ದುಡಿದದ್ದಕ್ಕೆ ಒಂದು ಶಹಬ್ಬಾಸ್ ಕೂಡ ಇಲ್ಲ.

"ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?"

"ನಿನ್ನ ಮ್ಯಾಲ ಐತಿ. ಹಸಿರಿನ ಮ್ಯಾಲ ಇಲ್ಲ."

"ಹಳೇ ಮಷಿನ್ ತಗದು ಹಾಕಲೇನ್ರಿ?"

"ಅದರ ಸುದ್ದಿಗೆ ಹೋಗಬ್ಯಾಡ. ಇವತ್ತ ಊಟಕ್ಕ ನೀನ ಬಡಸು. ಗುರುಬಸವ್ವಗ ಮೈಯಾಗ ಆರಾಮಿಲ್ಲ."

ಗುರುಬಸವ್ವ ಮಠದ ಅಡುಗೆಯಾಕೆ. ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕೂತು ಯಾರನ್ನೋ ಬೈಯುತ್ತಿದ್ದವಳಿಗೆ ಇಷ್ಟರಲ್ಲಿ ಏನಾಯಿತು? ಕೀಲಿ ಬೇರೆ ಯಾರಿಗೋ ಹೋಗುತ್ತದೆ, ತನ್ನನ್ನು ಸೌಟಿಗೆ ಹಚ್ಚಿದ್ದಾರೆ ಎಂದುಕೊಂಡ ಶಿವಪುತ್ರ. ಅವನ ಸಂಶಯವೂ ಅಜ್ಜಾರ ಸಂಶಯಕ್ಕಿಂತ ಕಡಿಮೆ ಇರಲಿಲ್ಲ.

ಅವನು ನುಚ್ಚಿನ ಪಾತ್ರೆ ಎತ್ತುವಾಗ ಅಜ್ಜಾರು ಕೇಳಿದರು.

"ಹನ್ನೆರಡು ಹೊಡೀತೇನು?"

ಶಿವಪುತ್ರ ಗಡಿಯಾರ ನೋಡಿಕೊಂಡ. "ಹೊಡದು ಹತ್ತು ನಿಮಿಷ ಆತ್ರಿ."

"ಹೌದಾ," ಎಂದು ಅಜ್ಜಾರು ಹೊಳೆಯ ಕಡೆ ನೋಡುತ್ತ ಕುಳಿತರು.

ಪಂಕ್ತಿ ಕೂತಿತು. ಶಿವಪುತ್ರ ನುಚ್ಚು ಬಡಿಸಿದ, ಸಾರು ಬಡಿಸಿದ, ಮಜ್ಜಿಗೆ ಬಡಿಸಿದ. ಕೊನೆಗೆ ಸಾಲಿನ ನಡುವೆ ನಿಂತು ಕೇಳಿದ.

"ಎಲ್ಲಾರದೂ ಊಟ ಆತೇನ್ರಿ?"

"ಆತು, ಆತು," ಎಂದರು ಕೂತವರೆಲ್ಲ.

ಅವನು ಅಜ್ಜಾರ ತಾಟಿಗೆ ಬಡಿಸಿ ಮುಂದಿಟ್ಟ. ಅಜ್ಜಾರು ಕೈ ಹಚ್ಚಲಿಲ್ಲ.

"ಉಣ್ರಿ ಅಜ್ಜಾರ. ಎಲ್ಲಾರೂ ಉಂಡ್ರು."

"ಯಾರು ಹೇಳಿದ್ರು?"

"ಉಂಡವ್ರ ಹೇಳಿದ್ರಲ್ರಿ."

ಅಜ್ಜಾರು ಅವನ ಮುಖವನ್ನೇ ನೋಡಿದರು. ಆಗ ಶಿವಪುತ್ರನಿಗೆ ನೆನಪಾಯಿತು. ಗುರುಬಸವ್ವ ದಿನಾ ಪಂಕ್ತಿ ಎದ್ದ ಮೇಲೆ ಹೆಬ್ಬಾಗಿಲಿಗೆ ಹೋಗಿ ಕೂಗುತ್ತಿದ್ದಳು. ಅದಾಗದೆ ಅಜ್ಜಾರು ಉಣ್ಣುತ್ತಿರಲಿಲ್ಲ. ಮೂರು ವರ್ಷ ಆ ಕೂಗು ಕೇಳಿಯೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹೆಬ್ಬಾಗಿಲಿಗೆ ಹೋಗಿ ಕೂಗಿದ.

"ಹಸದವ್ರು ಯಾರಾರ ಅದೀರೇನ್ರೀ?"

ಹೊಳೆಯ ಮೆಟ್ಟಿಲಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ನಡುಗಡ್ಡೆಯ ತಿಪ್ಪವ್ವ. ಹರಿಗೋಲು ಹಾಕಿ ಬಂದಿದ್ದಳು, ಸೀರೆಯ ಅಂಚು ತೊಯ್ದಿತ್ತು.

"ಆಗಿಂದ ಇಲ್ಲೇ ಕುಂತೀಯೇನವ್ವಾ? ಒಳಗ ಬರಬಾರದೇನು?"

"ಕರೀತಾರಲ್ಲ ಅಂತ ಕುಂತಿದ್ದೆನಪ್ಪಾ."

ಒಳಗೆ ಬಂದು ಅಜ್ಜಾರಿಗೆ ಕೈಮುಗಿದಳು.

"ಶರಣ್ರಿ ಅಜ್ಜಾರ. ನಮ್ಮ ಭೋಂಗಾ ಯಾಕ ಇವತ್ತ ಕೂಗಲಿಲ್ರಿ? ದಿನಾ ಹನ್ನೆರಡಕ್ಕ ಒಮ್ಮೆ ಕೂಗತಿತ್ತು. ನಾಳೆ ನೀರು ಬರ್ತೈತಂತ. ನಮ್ಮಲ್ಲಿ ಮೊಬೈಲು ಹತ್ತೂದಿಲ್ಲ. ಅದೊಂದು ಕೂಗೂದ ನಮಗ ಆಸರ."

ಶಿವಪುತ್ರ ಸೌಟು ಅಲ್ಲೇ ಇಟ್ಟ. ನಡುಗಡ್ಡೆಯಲ್ಲಿ ನಲವತ್ತು ಮನೆ.

ಅವನು ಹಿಂದಿನ ಕೋಣೆಗೆ ಓಡಿದ.

ನಡುಗಡ್ಡೆಯ ಸೈರನ್, ಅವರ ಮಾತಿನ ಭೋಂಗಾ, ಕೂಗಿಸುವ ಮಾಡ್ಯೂಲ್ ಎಲ್ಲಕ್ಕಿಂತ ಹಳೆಯದು. ಅದು ಬಳಸುತ್ತಿದ್ದ ಒಂದು ಆಜ್ಞೆಯನ್ನು ಹೊಸ ಆವೃತ್ತಿಯಿಂದ ತೆಗೆದುಹಾಕಿದ್ದರು. ಹಾಗಾಗಿ ಬೆಳಿಗ್ಗೆ ಅದು ಏಳಲೇ ಇಲ್ಲ. ಒಂದು ಏಳದಿದ್ದರೆ ಉಳಿದವು ನಿಲ್ಲಬಾರದು, ಅದನ್ನು ಬಿಟ್ಟು ಮುಂದೆ ಹೋಗಲಿ ಎಂದು ಬರೆದವನು ಶಿವಪುತ್ರನೇ. ಎದ್ದ ಮಾಡ್ಯೂಲ್‌ಗಳ ಪಟ್ಟಿ ಹಿಡಿದು ಪರೀಕ್ಷೆ ಮಾಡಿಸಿದವನೂ ಅವನೇ. ಪಟ್ಟಿಯಲ್ಲಿ ಹನ್ನೊಂದಿದ್ದವು. ಹನ್ನೊಂದೂ ಹಸಿರು. ಹನ್ನೆರಡನೆಯದರ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ.

ಅವನು ಪಟ್ಟಿಯನ್ನು ಇನ್ನೊಮ್ಮೆ ಎಣಿಸಿದ. ನಾಚಿಕೆ ಆಮೇಲೆ ಬಂತು.

ಮೊದಲು ಭೋಂಗಾವನ್ನು ಹಳೆಯ ಮಷಿನ್‌ಗೆ ಕಟ್ಟಿದ. ಅಜ್ಜಾರು ಅದನ್ನು ತೆಗೆಸದೇ ಇದ್ದದ್ದು ಪುಣ್ಯ. ಆಮೇಲೆ ಹಳೆಯ ಆಜ್ಞೆಗೂ ಹೊಸದಕ್ಕೂ ನಡುವೆ ಹೊಂದಿಸುವ ಸಣ್ಣ ಕೋಡ್ ಬರೆಯಲು ಕುಳಿತ. ಹನ್ನೆರಡು ಹೆಸರನ್ನೂ ಬೇರೆಯಾಗಿ ಬರೆದಿಟ್ಟ. ಯಾವುದು ಏಳದಿದ್ದರೂ ಅದರ ಹೆಸರು ಕೆಂಪಾಗಿ ಕಾಣುವಂತೆ ಮಾಡಿದ. ತಿಪ್ಪವ್ವ ಉಂಡು, ಹರಿಗೋಲು ಹತ್ತಿ ಹೋದದ್ದು ಅವನಿಗೆ ತಿಳಿಯಲೇ ಇಲ್ಲ.

ಹೊತ್ತು ಇಳಿಯುವಾಗ ಭೋಂಗಾವನ್ನು ಹೊಸದಕ್ಕೆ ಕಟ್ಟಿ ಒಮ್ಮೆ ಕೂಗಿಸಿದ. ನೀರಿನ ಆಚೆಯಿಂದ ಉದ್ದಕ್ಕೆ ಕೇಳಿತು. ಹಿಂದೆಯೇ ನಡುಗಡ್ಡೆಯ ನಾಯಿಗಳೆಲ್ಲ ಬೊಗಳಿದವು.

ಅವನು ಊಟದ ಮನೆಗೆ ಬಂದ. ಅಜ್ಜಾರು ಕಂಬಕ್ಕೆ ಒರಗಿ ಕೂತಿದ್ದರು. ಮುಂದೆ ಮಧ್ಯಾಹ್ನದ ತಾಟು ಹಾಗೇ ಇತ್ತು, ನುಚ್ಚು ಒಣಗಿತ್ತು.

"ನೀವು ಇನ್ನೂ ಉಂಡಿಲ್ಲೇನ್ರಿ?"

"ನೀ ಉಂಡೀಯೇನು?"

"ಇಲ್ರಿ."

"ಮತ್ತ?"

ಶಿವಪುತ್ರ ತಲೆ ತಗ್ಗಿಸಿದ.

"ನಾ ಎದ್ದವನ್ನಷ್ಟ ಕೇಳಿದ್ದೆ ಅಜ್ಜಾರ."

ಅಜ್ಜಾರು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೀಲಿ ತೆಗೆದು ತಾಟಿನ ಪಕ್ಕ ಇಟ್ಟರು. ಶಿವಪುತ್ರ ಅದನ್ನು ನೋಡಿದ, ಮುಟ್ಟಲಿಲ್ಲ.

"ಈಗ ಹನ್ನೆರಡೂ ಹಸಿರು ಬಂದಾವ್ರಿ. ಈಗರ ನಂಬ್ತೀರೇನ್ರಿ?"

ಅಜ್ಜಾರು ಒಣಗಿದ ನುಚ್ಚಿಗೆ ಮಜ್ಜಿಗೆ ಸುರಿದುಕೊಂಡರು. ಇನ್ನೊಂದು ತಾಟು ಎಳೆದು ಅದಕ್ಕೂ ಅರ್ಧ ಹಾಕಿದರು.

"ಬಾಗಲಕ್ಕ ಹೋಗಿ ಒಮ್ಮೆ ಕೂಗಿ ಬಾ ತಮ್ಮಾ. ಆಮ್ಯಾಲ ಉಣ್ಣೂಣು."