ಅಜ್ಜಯ್ಯನ ಖಾಲಿ ಕಟ್ಟೆ

ಹಳ್ಳದ ದಂಡೆಯ ದಿಬ್ಬದ ಮೇಲೆ ಒಂದು ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಅಡುಗೆಮನೆ, ಒಂದು ಬೇವಿನ ಮರ, ಅಷ್ಟೇ. ಅಲ್ಲಿದ್ದ ಗುರುವಿಗೆ ಏನೋ ಉದ್ದನೆಯ ಹೆಸರಿತ್ತಂತೆ. ಜನ ಅದನ್ನು ಮರೆತು ಅಜ್ಜಯ್ಯ ಅಂತಲೇ ಕರೆಯುತ್ತಿದ್ದರು.

ಅಜ್ಜಯ್ಯನವರ ಶಿಷ್ಯ ಚಿತ್ತಯ್ಯ. ಬಳೆಯ ಮಲಾರ ಹೊತ್ತು ಊರೂರು ತಿರುಗಿ, ಮೂವತ್ತೈದು ದಾಟಿದ ಮೇಲೆ ಅದೇನು ಬೇಸರ ಬಂತೋ, ಹೊರೆ ಇಳಿಸಿ ಬಂದು ಗುರುವಿನ ಕಾಲು ಹಿಡಿದವನು. ಬಂದು ಮೂರು ವರ್ಷವಾಗಿತ್ತು.

ಊಟದ ಹೊತ್ತಿಗೆ ಅಜ್ಜಯ್ಯ ದಿನಾ ಒಂದು ಎಲೆ ಹೆಚ್ಚಿಗೆ ಹಾಕಿಸುತ್ತಿದ್ದರು. ಯಾರಾದರೂ ಬಂದು ಅದಕ್ಕೆ ಕೂತರೆ, ಪಕ್ಕದಲ್ಲಿ ಮತ್ತೊಂದು.

"ಈ ಎಲೆ ಯಾರಿಗೆ ಅಜ್ಜಯ್ಯ?"

"ಬರೋರಿಗೆ."

"ಎಲ್ಲರದ್ದೂ ಊಟ ಆಯ್ತಲ್ಲ. ಯಾರೂ ಬರಲಿಲ್ಲ."

"ಹಂಗಾದ್ರೆ ಇನ್ನೂ ಬರಬೇಕು."

ದಿನಕ್ಕೊಂದು ಎಲೆ ದಂಡ ಅಂತ ಚಿತ್ತಯ್ಯನಿಗೆ ಅನಿಸುತ್ತಿತ್ತು.

ಎಲೆಯದು ಹಾಗಿರಲಿ. ಅವನ ಜೀವ ತಿನ್ನುತ್ತಿದ್ದದ್ದು ಕಟ್ಟೆ.

ಆಶ್ರಮದ ಮೇಲುಗಡೆ ಹಳ್ಳಕ್ಕೆ ಅಡ್ಡಲಾಗಿ ಒಂದು ಮಣ್ಣಿನ ಕಟ್ಟೆ. ಕೆಳಗಡೆ, ಹಳ್ಳದ ಮಗ್ಗುಲಲ್ಲೇ ಕುಂಬಾರಹಟ್ಟಿ, ಹದಿನೆಂಟು ಮನೆ. ಹಿಂದೊಮ್ಮೆ ಗುಡ್ಡದ ಮಳೆ ಏಕಾಏಕಿ ನುಗ್ಗಿ ಏಳು ಮನೆ, ಐದು ಜೀವ ಕೊಚ್ಚಿಕೊಂಡು ಹೋಗಿತ್ತು. ಮುಂದಿನ ಬೇಸಿಗೆಯಲ್ಲಿ ಅಜ್ಜಯ್ಯ ತಾವೇ ಬುಟ್ಟಿ ಹಿಡಿದರು. ಹಟ್ಟಿಯವರು ಮಣ್ಣು ಹೊತ್ತರು, ತುಳಿದರು. ಮಣ್ಣು ತುಳಿಯೋದನ್ನು ಕುಂಬಾರರಿಗೆ ಯಾರು ಹೇಳಿಕೊಡಬೇಕು! ಏರಿ ಗಟ್ಟಿಯಾಗಿ ನಿಂತಿತು.

ಏರಿಯ ಬುಡದಲ್ಲಿ ನೀರು ಹೊರಗೆ ಹೋಗಲಿಕ್ಕೆ ಒಂದು ತೂಬು. ಗಡಿಗೆಯ ಬಾಯಿಯಷ್ಟು ಅಗಲ. ಮಳೆಗಾಲ ಮುಗಿಯುವ ತನಕ ಅದನ್ನು ಮುಚ್ಚಕೂಡದು ಅಂತ ಅಜ್ಜಯ್ಯನವರ ಕಟ್ಟಪ್ಪಣೆ. ಸುತ್ತಲಿನ ಕೆರೆಗಳು ತುಂಬಿ ತುಳುಕುವಾಗ ಈ ಕಟ್ಟೆಯ ಒಡಲಲ್ಲಿ ಎಮ್ಮೆ ಮೇಯುತ್ತಿದ್ದವು. ಚಿತ್ತಯ್ಯ ಬಂದ ಮೇಲೆ ದೊಡ್ಡ ಮಳೆಯೂ ಆಗಿರಲಿಲ್ಲ.

ಆ ವರ್ಷ ಪಕ್ಕದೂರಿನ ಹೆಂಗಸರು ತಮ್ಮ ಕೆರೆಗೆ ಬಾಗಿನ ಬಿಡಲಿಕ್ಕೆ ಆಶ್ರಮದ ಮುಂದೆಯೇ ಹೊರಟಿದ್ದರು. ಅವರಲ್ಲೊಬ್ಬಳು ಕೂಗಿ ಹೇಳಿದಳು: "ನಿಮ್ಮ ಕಟ್ಟೇಲಿ ಬಾಗಿನ ಬಿಟ್ರೆ ಮೊರ ಹೋಗಿ ಕಪ್ಪೆ ತಲೆ ಮೇಲೆ ಬೀಳ್ತೈತೆ ನೋಡಪ್ಪೋ!"

ಎಲ್ಲರೂ ಹೋ ಅಂತ ನಕ್ಕರು. ಚಿತ್ತಯ್ಯನ ಮುಖ ಕೆಂಪೇರಿತು. ನೆಟ್ಟಗೆ ಗುರುವಿನ ಹತ್ತಿರ ಬಂದ.

"ಅಜ್ಜಯ್ಯ, ಊರೆಲ್ಲ ನಗ್ತಿದೆ."

"ನಿನಗೆ ಕೇಳಿಸ್ತಾ? ಕಿವಿ ಚೆನ್ನಾಗಿದೆ ಬಿಡು."

"ನೀರು ನಿಲ್ಲಿಸದ ಕಟ್ಟೆ ಯಾಕೆ ಬೇಕು?"

"ಕಟ್ಟೆ ನೀರಿಗಲ್ಲ ಚಿತ್ತಯ್ಯ, ಮಳೆಗೆ."

ಇದೆಂಥ ಮಾತು ಅಂದುಕೊಂಡ ಅವನು. ಪಾಪ, ವಯಸ್ಸಾಯಿತು, ಅರಳುಮರಳು ಶುರುವಾಗಿದೆ ಅಂತಲೂ ಅಂದುಕೊಂಡ. ಅವನನ್ನು ಬೈಯಬೇಡಿ. ಖಾಲಿ ಮಲಾರ ಹೊತ್ತ ಬಳೆಗಾರನನ್ನು ಯಾವ ಹೆಣ್ಣುಮಗಳೂ ಬಾಗಿಲಿಗೆ ಕರೆಯೋದಿಲ್ಲ ಅನ್ನೋದನ್ನು ಹದಿನೈದು ವರ್ಷ ಕಂಡಿದ್ದವನು. ತನ್ನ ಗುರುವನ್ನು ಜನ ಗೇಲಿ ಮಾಡುವುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

ಅದೇ ವಾರ ಅಜ್ಜಯ್ಯ ಯಾರದೋ ಕರೆಗೆ ದೂರದ ಊರಿಗೆ ಹೊರಟರು.

"ಎಂಟು ದಿನ ಆಗುತ್ತೆ. ತೂಬು ನೋಡ್ಕೋ," ಅಂದರು.

ಚಿತ್ತಯ್ಯ ನೋಡಿಕೊಂಡ. ಅವರು ಮರೆಯಾದದ್ದೇ ತಡ, ತೂಬಿಗೆ ಮರದ ಬೆಣೆ ಜಡಿದ.

ಜಿಟಿಜಿಟಿ ಮಳೆ, ಹರಿಯುವ ಹಳ್ಳ. ಏಳು ದಿನದಲ್ಲಿ ಕಟ್ಟೆ ತುಂಬಿತು. ಅಬ್ಬಬ್ಬಾ, ಏನು ಚೆಂದ! ಆಕಾಶವೇ ಕೆಳಗೆ ಬಂದು ಮಲಗಿತ್ತು. ಎಲ್ಲಿಂದಲೋ ಎರಡು ಬೆಳ್ಳಕ್ಕಿ ಬಂದವು. ಅಜ್ಜಯ್ಯ ನೋಡಿ ಎಷ್ಟು ಖುಷಿಪಡುತ್ತಾರೋ ಅಂತ ಚಿತ್ತಯ್ಯ ಏರಿಯ ಮೇಲೇ ಓಡಾಡಿದ.

ಹಟ್ಟಿಯ ತಿಪ್ಪವ್ವ ಮಣ್ಣಿಗೆ ಬಂದವಳು ನೀರು ನೋಡಿ ನಿಂತುಬಿಟ್ಟಳು. ಹಿಂದಿನ ನೆರೆಯಲ್ಲಿ ಗಂಡನನ್ನು ಕಳೆದುಕೊಂಡವಳು ಅವಳು.

"ಅಯ್ಯಾ, ಕಟ್ಟೆ ತುಂಬೈತಲ್ಲ! ಅಜ್ಜಯ್ಯಾರು ಹೇಳಿದ್ರಾ?"

ಚಿತ್ತಯ್ಯ ಒಂದು ಗಳಿಗೆ ತಡವರಿಸಿದ.

"ಹೂಂ. ಹೇಳಿದ್ರು."

"ಅವರು ಹೇಳಿದ್ರೆ ಮುಗೀತು ಬಿಡು," ಅಂದಳು ತಿಪ್ಪವ್ವ. ನಿಶ್ಚಿಂತೆಯಿಂದ ಹೋಗಿ, ಸುಡಲಿಕ್ಕಿದ್ದ ಮುನ್ನೂರು ಹಸಿ ಗಡಿಗೆಗಳನ್ನು ಹಳ್ಳದ ಮಗ್ಗುಲಿನ ಚಪ್ಪರದಲ್ಲಿ ಸಾಲಾಗಿ ಆರಲಿಕ್ಕಿಟ್ಟಳು.

ಮರುದಿನ ಮಧ್ಯಾಹ್ನ ಅಜ್ಜಯ್ಯ ಬಂದರು. ಪಡುವಣದ ಗುಡ್ಡದ ಮೇಲೆ ಮೋಡ ಕಪ್ಪಗೆ ಕವಿದಿತ್ತು. ಚಿತ್ತಯ್ಯ ಅವರನ್ನು ಕೈಹಿಡಿದು ಏರಿಗೆ ಹತ್ತಿಸಿದ.

ಅಜ್ಜಯ್ಯ ನೀರು ನೋಡಿದರು. ಗುಡ್ಡ ನೋಡಿದರು.

"ಚೆನ್ನಾಗಿದೆ," ಅಂದರು. "ಮನೆ ತುಂಬಾ ನೆಂಟರು. ಈಗ ಗುಡ್ಡದಿಂದ ಇನ್ನೊಬ್ಬ ಬರ್ತಿದ್ದಾನೆ. ಅವನನ್ನ ಎಲ್ಲಿ ಕೂರಿಸ್ತೀಯಾ?"

ಚಿತ್ತಯ್ಯ ಗುಡ್ಡದ ಕಡೆ ತಿರುಗಿದ. ಅಲ್ಲಿ ಮಳೆ ಆಗಲೇ ಬಿಳಿಯ ಪರದೆಯಾಗಿ ಇಳಿಯುತ್ತಿತ್ತು. ಆ ನೀರು ಬರುವುದು ಇಲ್ಲಿಗೆ. ಇಲ್ಲಿ ಹಿಡಿ ಜಾಗವಿಲ್ಲ. ಇಲ್ಲಿಂದ ಮುಂದಕ್ಕೆ ಹಟ್ಟಿ.

"ಅಯ್ಯೋ ಅಜ್ಜಯ್ಯ, ಎಂಥ ಕೆಲಸ ಮಾಡಿಬಿಟ್ಟೆ!"

ಬಟ್ಟೆ ಸಮೇತ ನೀರಿಗೆ ಧುಮುಕಿದ. ಬೆಣೆ ಕಚ್ಚಿಕೊಂಡಿತ್ತು. ಮುಳುಗಿ ಹಗ್ಗ ಕಟ್ಟಿದ, ಇಬ್ಬರೂ ಸೇರಿ ಜಗ್ಗಿದರು. ಕಡೆಗೂ ಬಂತು. ತೂಬಿನಿಂದ ನೀರು ಬುಸುಗುಟ್ಟಿ ಹಾರಿತು. ಕಟ್ಟೆಯೊಳಗೆ ಮಾತ್ರ ಒಂದು ಬೆರಳೂ ಇಳಿಯಲಿಲ್ಲ.

"ಇನ್ನೆಷ್ಟು ಹೊತ್ತು ಬೇಕು?"

"ಮೂರು ದಿನ," ಅಂದರು ಅಜ್ಜಯ್ಯ. "ಒಂದೇ ಏಟಿಗೆ ಬಂದವನನ್ನ ಕೂರಿಸಿ, ಮೂರು ದಿನ ಮೆತ್ತಗೆ ಕಳಿಸಲಿ ಅಂತಲೇ ತೂಬನ್ನ ಅಷ್ಟು ಸಣ್ಣದು ಮಾಡಿದ್ದು."

"ಏರಿ ಒಡೆಯುತ್ತಾ?"

"ಏರಿಯನ್ನ ನಾನು ನೋಡ್ಕೋತೀನಿ. ನೀನು ಹಟ್ಟಿಗೆ ಹೋಗು. ಒಂದು ಜೀವವೂ ಒಳಗಿರಬಾರದು."

"ಏನಂತ ಹೇಳಲಿ?"

"ಮಾಡಿದ್ದನ್ನ ಹೇಳು."

"ಹೊಡೀತಾರೆ ಅಜ್ಜಯ್ಯ."

"ಹೊಡೀಲಿ. ಹೊಡೆಯೋಕೆ ಅಂತಲಾದ್ರೂ ಮನೆ ಬಿಟ್ಟು ಹೊರಗೆ ಬರ್ತಾರಲ್ಲ."

ಚಿತ್ತಯ್ಯ ಎದ್ದುಬಿದ್ದು ಓಡಿದ. ಹಟ್ಟಿಯಲ್ಲಿ ಹನಿ ಶುರುವಾಗಿತ್ತು, ಜನ ಒಳಗೆ ಸೇರಿದ್ದರು. ಬೀದಿಯ ನಡುವೆ ನಿಂತು ಗಂಟಲು ಹರಿಯುವಂತೆ ಕೂಗಿದ.

"ಎದ್ದು ಬನ್ರೋ! ಹಳ್ಳ ಬರ್ತಿದೆ!"

ತಿಪ್ಪವ್ವ ಬಾಗಿಲಿನಿಂದ ತಲೆ ಹಾಕಿದಳು. "ಕಟ್ಟೆ ಐತಲ್ಲಯ್ಯ?"

"ಕಟ್ಟೆ ತುಂಬಿದೆ. ಜಾಗ ಇಲ್ಲ."

"ಅಜ್ಜಯ್ಯಾರು ಹೇಳಿದ್ರು ಅಂದ್ಯಲ್ಲ!"

"ಸುಳ್ಳು ಹೇಳಿದೆ ತಾಯಿ. ತೂಬು ಮುಚ್ಚಿದ್ದು ನಾನು. ಆಮೇಲೆ ಬೇಕಾದ್ರೆ ಕೊಲ್ರಿ, ಈಗ ಎದ್ದು ಬನ್ನಿ!"

ಒಬ್ಬ ಬಂದು ಕೆನ್ನೆಗೆ ಬಾರಿಸಿಯೇಬಿಟ್ಟ. ಆದರೆ ಎಲ್ಲರೂ ಆಶ್ರಮದ ದಿಬ್ಬಕ್ಕೆ ಹೊರಟರು. ಮಕ್ಕಳು, ಮುದುಕರು, ಮೇಕೆ, ಕೋಳಿ. ನಡೆಯಲಾಗದ ಒಬ್ಬ ಮುದುಕಿಯನ್ನು ಚಿತ್ತಯ್ಯ ಬೆನ್ನ ಮೇಲೆ ಹೊತ್ತ. ತಿಪ್ಪವ್ವ ಒಂದೇ ಸಲ ತಿರುಗಿ ತನ್ನ ಗಡಿಗೆಗಳ ಕಡೆ ನೋಡಿದಳು. ಅದನ್ನು ಅವನೂ ಕಂಡ.

ಸಂಜೆಯ ಹೊತ್ತಿಗೆ ಗುಡ್ಡದ ನೀರು ಬಂತು. ಏರಿಯ ಪಕ್ಕದ ಕೋಡಿ ದಾಟಿ, ಸೊಂಟದೆತ್ತರಕ್ಕೆ ಹಟ್ಟಿಯೊಳಗೆ ನುಗ್ಗಿತು. ಅಜ್ಜಯ್ಯ ಬರಿಗಾಲಿನಲ್ಲಿ ಏರಿಯ ಹಿಂಬದಿಯ ಇಳಿಜಾರಿನಲ್ಲಿ ಅಡಿ ಅಡಿಗೂ ನಿಂತು ನಡೆದರು. ಎಲ್ಲಾದರೂ ಮಣ್ಣು ಮೆತ್ತಗಾಗಿದೆಯೋ, ಜಿನುಗುವ ನೀರು ಕದಡಿದೆಯೋ ಅಂತ ಕಾಲಿನಲ್ಲೇ, ಕಣ್ಣಲ್ಲೇ ಪರೀಕ್ಷೆ. ಏರಿ ತಡೆದುಕೊಂಡಿತು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಎರಡು ಗೋಡೆ ಕುಸಿದವು, ಮುನ್ನೂರು ಗಡಿಗೆ ಮತ್ತೆ ಮಣ್ಣಾದವು.

ಮರುದಿನ ಮಧ್ಯಾಹ್ನ ಹಟ್ಟಿಗೆ ಹಟ್ಟಿಯೇ ಬೇವಿನ ಮರದ ಕೆಳಗೆ ಊಟಕ್ಕೆ ಕೂತಿತ್ತು. ಅಜ್ಜಯ್ಯ ತಾವೇ ಎಲೆ ಹಾಸಿದರು. ಚಿತ್ತಯ್ಯ ಎಲ್ಲರಿಗೂ ಅನ್ನ ಬಡಿಸಿ, ಪಾತ್ರೆ ಇಳಿಸಿ, ಒಳಗೆ ಹೋಗಿ ತನ್ನ ಎರಡು ಪಂಚೆ ಗಂಟು ಕಟ್ಟಿದ. ಗಂಟು ಹಿಡಿದು ಹೊರಗೆ ಬಂದು ಗುರುವಿನ ಕಾಲಿಗೆ ಬಿದ್ದ.

"ಹೋಗಿ ಬರ್ತೀನಿ ಅಜ್ಜಯ್ಯ. ನಿಮ್ಮ ಮುಖ ನೋಡೋಕೆ ನನಗೆ ಯೋಗ್ಯತೆ ಇಲ್ಲ."

ಅಜ್ಜಯ್ಯ ತಿಪ್ಪವ್ವನ ಕಡೆಗೆ ನೋಡಿದರು.

ತಿಪ್ಪವ್ವ ತುತ್ತು ಕಲಸುತ್ತಲೇ ಇದ್ದಳು. ಅವಳ ಕಣ್ಣು ಇನ್ನೂ ಕೆಂಪಗಿದ್ದವು.

"ಎಲ್ಲಿಗೆ ಹೋಗೋದು?" ಅಂದಳು. "ಮುನ್ನೂರು ಗಡಿಗೆ ಮಣ್ಣನ್ನ ನಿಮ್ಮಪ್ಪ ಬಂದು ತುಳೀತಾನಾ? ನಾಳೆ ಹೊತ್ತು ಮೂಡೋಕೆ ಮುಂಚೆ ಬಂದು ಕೆಸರಿಗಿಳಿ. ನನ್ನ ಸಿಟ್ಟು ಇಳಿಯೋಕೆ ಒಂದು ತಿಂಗಳು ಬೇಕು, ಅಲ್ಲೀಗಂಟ ತುಳಿ."

ಚಿತ್ತಯ್ಯನಿಗೆ ಅಳು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಗಂಟು ಕೆಳಗೆ ಬಿತ್ತು. ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು ತಿಳಿಯದೆ ಸುತ್ತ ನೋಡಿದ. ಪಂಕ್ತಿ ತುಂಬಿತ್ತು. ಮಕ್ಕಳು ಕೂಡ ಒತ್ತಿ ಒತ್ತಿ ಕೂತಿದ್ದರು.

ಅಜ್ಜಯ್ಯನವರ ಮಗ್ಗುಲಲ್ಲಿ ಮಾತ್ರ ಒಂದು ಎಲೆ ಖಾಲಿ ಇತ್ತು.

ಅಜ್ಜಯ್ಯ ತಮ್ಮ ಎಲೆಯಿಂದ ಒಂದು ಹಿಡಿ ಅನ್ನ ತೆಗೆದು ಅದಕ್ಕೆ ಹಾಕಿದರು.

"ಮೂರು ವರ್ಷದಿಂದ ಹಾಕ್ತಾನೇ ಇದ್ದೆ," ಅಂದರು. "ಇವತ್ತು ನೀನು ಬಂದೆ. ಕೂತ್ಕೋ, ಅನ್ನ ಆರಿಹೋಗುತ್ತೆ."