ಹಗ್ಗ ಮುಟ್ಟಿದವರ ಪಾಲು

ಸುರಗಿಬೇಲೆಯಲ್ಲಿ ಹೊಳೆಯು ಕಡಲನ್ನು ಸೇರುವ ಕಡೆ, ತೆಂಗಿನ ಮಡಲು ಹೊದೆಸಿದ ಒಂದೇ ಕೋಣೆಯಲ್ಲಿ ಪೂಜ್ಯ ನೀಲಾಂಬಾ ತಾಯಿಯವರು ವಾಸವಾಗಿದ್ದರು. ಒಂದು ಚಾಪೆ, ಒಂದು ಗಂಜಿಯ ಮಡಕೆ, ಎರಡು ಸೀರೆ ಅವರ ಆಸ್ತಿ. ನೆಲವನ್ನು ದಿನವೂ ತಾವೇ ಸಾರಿಸುತ್ತಿದ್ದರು. ಈ ಪ್ರಸಂಗವನ್ನು ಕೆಲವು ಭಕ್ತರು ಪವಾಡವೆಂದು ಹೇಳುತ್ತಾರೆ. ಅದು ಸರಿಯಲ್ಲ. ನಡೆದದ್ದನ್ನು ನಡೆದಂತೆ ಹೇಳುವುದೇ ತಾಯಿಯವರಿಗೆ ಸಲ್ಲಿಸುವ ಗೌರವ.

ಆ ಊರಿನವರು ರಂಪಣಿ ಬಲೆಯವರು. ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಲ್ಲಿ ಬಿಲ್ಲಿನಂತೆ ಬಿಟ್ಟ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ಎರಡು ಸಾಲು ಜನ ದಡದಲ್ಲಿ ನಿಂತು ಎಳೆಯಬೇಕು. ಹಗ್ಗ ಮುಟ್ಟಿದವರು ಯಾರೇ ಆಗಲಿ, ಅವರಿಗೆ ಮೀನಿನಲ್ಲಿ ಪಾಲು ಉಂಟು. ಹಂಚುವಾಗ ಮಾತಾಡುವ ಹಕ್ಕೂ ಉಂಟು. ಮುಟ್ಟದವರಿಗೆ ಎರಡೂ ಇಲ್ಲ.

ಬಲೆಯ ಯಜಮಾನ ಹೊನ್ನಪ್ಪ ತಾಂಡೇಲನಿಗೆ ಸಾಧುಸಂತರಲ್ಲಿ ನಂಬಿಕೆ ಇರಲಿಲ್ಲ. ಅವನ ತಂಗಿಯ ಮಗ ದೇವು. ನೀರಿನ ಬಣ್ಣ ನೋಡಿಯೇ ಮೀನಿನ ಹಿಂಡು ಎಲ್ಲಿದೆ ಎಂದು ಹೇಳಬಲ್ಲವನು ಆ ಗುಂಪಿನಲ್ಲಿ ಅವನೊಬ್ಬನೇ. ಆದರೆ ಅವನ ಮನಸ್ಸು ಹೊಳೆಯಾಚೆ ದೋಣಿ ಕಟ್ಟುವ ಆಚಾರಿಯ ಚಪ್ಪರದಲ್ಲಿತ್ತು. ಇದನ್ನು ತಿಳಿದ ಹೊನ್ನಪ್ಪ, ಯಾರೂ ಎಂದಿಗೂ ಬಲೆ ಬಿಟ್ಟು ಹೋಗುವುದಿಲ್ಲವೆಂದು ತೆಂಗಿನಕಾಯಿ ಮುಟ್ಟಿ ಆಣೆ ಮಾಡಬೇಕೆಂದ. ಎಲ್ಲರೂ ಮಾಡಿದರು. ದೇವು ಮಾತ್ರ ಎದ್ದು ಬಂದು ತಾಯಿಯವರ ಬಾಗಿಲಲ್ಲಿ ಕುಳಿತ.

ಹಿಂದೆಯೇ ಹೊನ್ನಪ್ಪ ಬಂದ. "ಅಮ್ಮಾ, ಇವನಿಗೆ ಬುದ್ಧಿ ಹೇಳುವುದಾದರೆ ಹೇಳಿ. ಇಲ್ಲದಿದ್ದರೆ ಸುಮ್ಮನಿರಿ. ಹಗ್ಗ ಮುಟ್ಟದವರಿಗೆ ನಮ್ಮ ಬಲೆಯ ಸುದ್ದಿ ಎಂತಕ್ಕೆ?"

ತಾಯಿಯವರು ಆಗಲಿ ಎಂಬಂತೆ ತಲೆಯಾಡಿಸಿ, ನೆಲ ಸಾರಿಸುವುದನ್ನು ಮುಂದುವರಿಸಿದರು.

ಮರುದಿನ ಬೆಳಿಗ್ಗೆ ಬಂಗಡೆಯ ದೊಡ್ಡ ಹಿಂಡು ಬಲೆಗೆ ಬಿತ್ತು. ಅರ್ಧ ಎಳೆದಾಗಿತ್ತು. ಆಣೆ ಮಾಡದ ದೇವುವೂ ಸಾಲಿನಲ್ಲಿ ನಿಂತು ಎಳೆಯುತ್ತಿದ್ದ. ಹೊನ್ನಪ್ಪನಿಗೆ ನಾಲಿಗೆ ತಡೆಯಲಿಲ್ಲ. "ಏ ಆಚಾರಿ, ಜೋರಾಗಿ ಎಳೆಯೋ. ಉಳಿ ಹಿಡಿಯುವ ಕೈಗೆ ಹಗ್ಗ ಭಾರವಾಯಿತೇನು?"

ದೇವು ಹಗ್ಗ ಬಿಟ್ಟು ಸಾಲಿನಿಂದ ಹೊರಗೆ ನಡೆದ. ಹಿಂದಿದ್ದವರು ಮುಗ್ಗರಿಸಿದರು. ಬಲೆ ಒಂದು ಕಡೆ ಜೋಲಿತು. ಆ ಕಡೆಯಿಂದ ಮೀನು ಹಾರಿ ಹಾರಿ ಕಡಲು ಸೇರತೊಡಗಿತು.

ಆಗ ತಾಯಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ದೇವು ಬಿಟ್ಟ ಜಾಗದಲ್ಲಿ ನಿಂತು ಹಗ್ಗ ಹಿಡಿದರು. ವೃದ್ಧರ ಕೈ. ಒದ್ದೆ ಹಗ್ಗ ಜಾರಿ ಅಂಗೈಯ ಚರ್ಮ ಕಿತ್ತುಬಂತು. ಅವರು ಬಿಡಲಿಲ್ಲ. ತಿರುಗಿ ನೋಡಿದ ದೇವು ಓಡಿ ಬಂದು ಅವರ ಹಿಂದೆ ನಿಂತು ಎಳೆದ. ಬಲೆ ದಡ ಮುಟ್ಟಿತು.

ಹಂಚುವ ಹೊತ್ತಿಗೆ, ಕಟ್ಟಳೆಯಂತೆ, ಹೊನ್ನಪ್ಪ ಕೇಳಲೇಬೇಕಾಯಿತು. "ಅಮ್ಮಾ, ನೀವು ಮೀನು ಮುಟ್ಟುವವರಲ್ಲ. ನಿಮ್ಮ ಪಾಲು ಬೆಕ್ಕಿಗೆ ಹಾಕಲೋ?"

ಜನ ನಕ್ಕರು. ತಾಯಿಯವರೂ ನಕ್ಕರು.

"ಮೀನು ಬೇಡ, ಹೊನ್ನಪ್ಪ. ನನ್ನ ಪಾಲಿಗೆ ಇವನನ್ನು ಬಿಟ್ಟುಕೊಡು."

ನಗು ನಿಂತಿತು. ತಾಯಿಯವರು ದೇವುವಿನ ಕಡೆ ತಿರುಗಿದರು. "ಬಲೆ ದಡಕ್ಕೆ ಬರುವ ತನಕ ಹಗ್ಗ ಬಿಡಬಾರದು, ಮಗಾ." ಮತ್ತೆ ಹೊನ್ನಪ್ಪನನ್ನು ನೋಡಿದರು. "ಬಂದ ಮೇಲೆ ಹಗ್ಗದಲ್ಲಿ ಯಾರನ್ನೂ ಕಟ್ಟಬಾರದು."

ದೇವು ಅವರ ಅಂಗೈಯನ್ನೇ ನೋಡುತ್ತಿದ್ದ. "ಮಾವಾ, ಈ ಹಂಗಾಮು ಮುಗಿಯುವ ತನಕ ಇರುತ್ತೇನೆ. ನೀರು ನೋಡುವುದನ್ನು ನಿಮಗೆ ಕಲಿಸಿಯೇ ಹೋಗುತ್ತೇನೆ" ಎಂದ.

"ನನಗೆ ನೀನು ಕಲಿಸುವುದಾ?" ಎಂದು ಹೊನ್ನಪ್ಪ ಗದರಿದ. ಆದರೂ ಮರುದಿನ ಬೆಳಕು ಹರಿಯುವಾಗ ಬಂಡೆಯ ಮೇಲೆ ಅಳಿಯನ ಪಕ್ಕ ಕುಳಿತು ನೀರು ನೋಡುತ್ತಿದ್ದ.

ಹಂಗಾಮು ಮುಗಿದ ದಿನ ಹೊನ್ನಪ್ಪನೇ ದೋಣಿಗೆ ಹುಟ್ಟು ಹಾಕಿ ದೇವುವನ್ನು ಹೊಳೆ ದಾಟಿಸಿದ. ಹಿಂತಿರುಗುವಾಗ, ಅದುವರೆಗೆ ತಾನು ಎಂದೂ ತಲೆಬಾಗದಿದ್ದ ತಾಯಿಯವರ ಬಾಗಿಲಲ್ಲಿ ಚಪ್ಪಲಿ ಕಳಚಿ ನಿಂತ.

"ದಾಟಿಸಿ ಬಂದೆ, ಅಮ್ಮಾ" ಎಂದ.

ತಾಯಿಯವರು ಚಾಪೆ ಹಾಸಿ, ತಮ್ಮ ಮಡಕೆಯಿಂದ ಗಂಜಿ ಬಡಿಸಿದರು. ಸುರಗಿಬೇಲೆಯ ಬಲೆಯಲ್ಲಿ ಆಣೆ ಮಾಡಿಸುವುದು ಅಲ್ಲಿಗೆ ನಿಂತಿತು. ಅದನ್ನು ನಿಲ್ಲಿಸಿದವನು ಹೊನ್ನಪ್ಪನೇ.