ಹೊಳೆ ಕಾಯುವ ಕಂಪ್ಯೂಟರು

"ಕೇಳಿರಪ್ಪೋ, ಊರ ಜನರೆಲ್ಲ ಕೇಳಿರಿ! ಹೊಳೆಯ ನೀರು ಅಳೆದು ಎಚ್ಚರ ಹೇಳುವ ಹೊಸ ಕಂಪ್ಯೂಟರನ್ನು ಅರಮನೆಯಲ್ಲಿ ಜೋಡಿಸಬೇಕಾಗಿದೆ. ಬಲ್ಲವರು ಬನ್ನಿ! ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ, ಅರ್ಧ ರಾಜ್ಯ. ಒಂದು ತಪ್ಪಿದರೂ ಅಮಾವಾಸ್ಯೆಯಂದು ತಲೆದಂಡ!"

ಡಂಗುರ ಕೇಳಿ ಬೊಮ್ಮರಸನ ರಾಜ್ಯದಲ್ಲಿ ಯಾರೂ ನಗಲಿಲ್ಲ. ಹಿಂದಿನ ಮಳೆಗಾಲದಲ್ಲಿ, ನನಗೆಲ್ಲ ಗೊತ್ತು ಎಂದು ಬಂದವನೊಬ್ಬ ಜೋಡಿಸಿಕೊಟ್ಟ ಯಂತ್ರ ನೆರೆ ಬಂದ ದಿನವೇ ಕಣ್ಣು ಮುಚ್ಚಿತ್ತು. ಹೊಳೆದಂಡೆಯ ಕೆಳಗೇರಿಯವರನ್ನು ಎಚ್ಚರಿಸಲು ಓಡಿದ ರಾಜಕುಮಾರ ನೀರಿನ ಪಾಲಾಗಿದ್ದ. ಅಂದಿನಿಂದ ಅವನ ತಂಗಿ ಹೊನ್ನಾಂಬೆಗೆ, ತಿಳಿಯದೆ ಮಾತಾಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಪೇಟೆಯ ಕೊನೆಯಲ್ಲಿ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ರುದ್ರಾಚಾರಿ ಮೊದಲ ವಾರವೇ ಅರಮನೆಗೆ ಹೋದ. ರಾಜಕುಮಾರಿಯ ಕೈಯ ಆಸೆ ಆ ಮುದುಕನಿಗಿರಲಿಲ್ಲ; ಅವನ ಮಗಳ ಮನೆ ಕೆಳಗೇರಿಯಲ್ಲಿತ್ತು. ಎರಡು ಒಗಟು ಬಿಡಿಸಿ ಮೂರನೆಯದರಲ್ಲಿ ಸೋತು ಸೆರೆ ಸೇರಿದ. ಸಂಜೆಯಾದರೂ ಅವನು ಬಾರದಿದ್ದಾಗ, ಅವನ ಬಳಿ ಕೆಲಸ ಕಲಿಯುತ್ತಿದ್ದ ಕೆಂಚನೆಂಬ ಹುಡುಗನಿಗೆ ಎದೆ ಒಡೆದಂತಾಯಿತು. ತಂದೆತಾಯಿ ಇಲ್ಲದ ಅವನಿಗೆ ಅನ್ನ ಹಾಕಿ, ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವನು ಆಚಾರಿಯೇ. ಬೆಳಗಾಗುತ್ತಲೇ ಕೆಂಚ ಅಂಗಡಿಗೆ ಬೀಗ ಹಾಕಿ ಅರಮನೆಯ ಸಾಲಿನಲ್ಲಿ ನಿಂತ.

ಅವನ ಮುಂದೆ ಇಬ್ಬರಿದ್ದರು. ಮೊದಲನೆಯವನು ನೆರೆರಾಜ್ಯದ ಅರಸುಮಗ.

ಹೊನ್ನಾಂಬೆ ಕೇಳಿದಳು: "ಅವಳು ಯೋಚಿಸಲಾರಳು, ನೆನಪಿಡಲಾರಳು, ಚಿತ್ರ ಬರೆಯಲಾರಳು. ಆದರೂ ಯೋಚಿಸುವವನು, ನೆನಪಿಡುವವನು, ಚಿತ್ರ ಬರೆಯುವವನು ಎಲ್ಲರೂ ಅವಳ ಮಡಿಲಲ್ಲಿ ಕೂತರೆ ಮಾತ್ರ ಒಬ್ಬನ ಮಾತು ಇನ್ನೊಬ್ಬನಿಗೆ ಮುಟ್ಟುತ್ತದೆ. ಯಾರವಳು?"

"ವಿದ್ಯುತ್ತು!" ಎಂದ ಅರಸುಮಗ. ಭಟರು ಅವನನ್ನು ಸೆರೆಗೆ ಒಯ್ದರು.

ಎರಡನೆಯವನು ರತ್ನದ ವ್ಯಾಪಾರಿಯ ಮಗ. "ಮದರ್‌ಬೋರ್ಡು" ಎಂದು, ಬಿಡಿಭಾಗಗಳೆಲ್ಲ ಕೂರುವ ಹಲಗೆಯ ಹೆಸರು ಹೇಳಿ ಮೊದಲನೆಯದನ್ನು ಬಿಡಿಸಿದ. ಸಭೆ ತಲೆದೂಗಿತು. ಆಗ ಹೊನ್ನಾಂಬೆ ಎರಡನೆಯದನ್ನು ಒಡ್ಡಿದಳು: "ಮನೆಗೆ ಹೊಸ ಅತಿಥಿ ಬಂದ. ಮಣೆ ಅವನ ಅಳತೆಗೇ ಇತ್ತು, ಸರಿಯಾಗಿ ಕೂತ. ಊಟವನ್ನೂ ಬಡಿಸಿದ್ದಾಯಿತು. ಆದರೂ ಮನೆಯೊಡತಿ, ನೀನು ಯಾರೋ ನಾನರಿಯೆ ಎಂದು ಮುಖ ತಿರುಗಿಸಿದಳು. ತಪ್ಪು ಯಾರದು?"

"ಅತಿಥಿಯದೇ! ಇನ್ನೂ ದುಬಾರಿಯ ಅತಿಥಿಯನ್ನು ತರಬೇಕಿತ್ತು."

ಅವನೂ ಸೆರೆ ಸೇರಿದ. ಈಗ ಕೆಂಚನ ಸರದಿ. ಮೊದಲ ಒಗಟಿಗೆ ಉತ್ತರ ಹೇಳಿದ. ಎರಡನೆಯದಕ್ಕೆ ಹೀಗೆ ಹೇಳಿದ:

"ತಪ್ಪು ಇಬ್ಬರದೂ ಅಲ್ಲ ತಾಯೀ. ಆ ಒಡತಿ ಮದರ್‌ಬೋರ್ಡು, ಅತಿಥಿ ಯೋಚಿಸುವ ಪ್ರೊಸೆಸರು. ಬೋರ್ಡು ತಯಾರಾದ ಮೇಲೆ ಹುಟ್ಟಿದ ಪ್ರೊಸೆಸರು ಅವನು. ಸಾಕೆಟ್ಟೆಂಬ ಮಣೆಯಲ್ಲಿ ಕೂತರೂ ಅವಳಿಗೆ ಅವನ ಹೆಸರೇ ಗೊತ್ತಿಲ್ಲ. ಎದ್ದ ಕೂಡಲೇ ಅವಳು ಮೊದಲು ಓದುವ ಬಯೋಸಿನಲ್ಲಿ ಆ ಹೆಸರನ್ನು ತುಂಬಿದರೆ ಗುರುತು ಹಿಡಿಯುತ್ತಾಳೆ. ತಪ್ಪೇನಿದ್ದರೂ, ವಿಚಾರಿಸದೆ ಕೊಂಡು ತಂದವರದು."

ಹೊನ್ನಾಂಬೆ ಎದ್ದು, ಮೂಲೆಯಲ್ಲಿದ್ದ ಮೇಜಿನ ಮೇಲಿನ ಬಟ್ಟೆಯನ್ನು ಸರಿಸಿದಳು. ಅಲ್ಲೊಂದು ಕಂಪ್ಯೂಟರಿತ್ತು.

"ಮೂರನೆಯದು ಇದು. ಇದರಲ್ಲಿ ಎಲ್ಲವೂ ಇದೆ, ಎಲ್ಲವೂ ತನ್ನ ತನ್ನ ಜಾಗದಲ್ಲಿದೆ. ಆದರೂ ಇದು ಏಳುವುದಿಲ್ಲ. ಇದಕ್ಕೇನು ಕಡಿಮೆಯಾಗಿದೆ? ನಿನ್ನೆ ಬಂದ ಮುದುಕ ಪ್ರೊಸೆಸರಿಗೆ ಕರೆಂಟು ಕೊಡುವ ಕೇಬಲ್ಲು ಸತ್ತಿದೆ ಎಂದ. ಹೊಸದು ಹಾಕಿಸಿದೆ, ಏಳಲಿಲ್ಲ. ಅದಕ್ಕೂ ಮುಂಚೆ ಬಂದವರು ನೆನಪಿಡುವ ರ‍್ಯಾಮ್ ಎಂದರು, ಪವರ್ ಸಪ್ಲೈ ಎಂದರು. ಎಲ್ಲವನ್ನೂ ಬದಲಿಸಿ ನೋಡಿದ್ದೇನೆ."

ಆಚಾರಿ ಹೇಳಿದ್ದು ತಪ್ಪಾದರೆ ತನಗೇನು ತಿಳಿದೀತು? ಕೆಂಚ ಮೇಜಿನ ಹತ್ತಿರ ಹೋದ.

"ಮುಟ್ಟಿ ನೋಡಬಹುದೇ?"

"ಮುಟ್ಟಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ. ಯಾರೂ ಕೇಳಲಿಲ್ಲ."

ಕೆಂಚ ಗುಂಡಿ ಒತ್ತಿದ. ಫ್ಯಾನು ಒಮ್ಮೆ ಅದುರಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ಅವನು ವೈರು ಕಳಚಿ, ಸ್ಕ್ರೂ ಬಿಚ್ಚಿ, ಬೋರ್ಡನ್ನು ಮೆಲ್ಲಗೆ ಎತ್ತಿ ಒಂದು ರಟ್ಟಿನ ಪೆಟ್ಟಿಗೆಯ ಮೇಲಿಟ್ಟ. ಮತ್ತೆ ಕರೆಂಟು ಕೊಟ್ಟ. ಫ್ಯಾನು ತಿರುಗತೊಡಗಿತು, ನಿಲ್ಲಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿತು.

ಕೆಂಚ ಖಾಲಿಯಾದ ಕಂಪ್ಯೂಟರಿನ ತಗಡಿನ ಡಬ್ಬಿಯೊಳಗೆ ಬೆರಳಾಡಿಸಿದ. ಬೋರ್ಡನ್ನು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಾಲುಗಳು ಅಲ್ಲಿದ್ದವು. ಬೋರ್ಡಿನ ತೂತುಗಳ ಕೆಳಗೆಲ್ಲ ಒಂದೊಂದು. ತೂತೇ ಇಲ್ಲದ ಕಡೆಯಲ್ಲೂ ಒಂದು. ಅದನ್ನು ತಿರುಗಿಸಿ ಕಿತ್ತು ಅಂಗೈಯಲ್ಲಿಟ್ಟು ಚಾಚಿದ.

"ಇದಕ್ಕೆ ಏನೂ ಕಡಿಮೆಯಾಗಿಲ್ಲ ತಾಯೀ. ಇದೊಂದು ಹೆಚ್ಚಾಗಿದೆ. ಬೋರ್ಡಿನ ಬೆನ್ನಿಗೆ ತಾಗಿ ಕರೆಂಟನ್ನು ಅಡ್ಡದಾರಿಗೆಳೆದು ಶಾರ್ಟ್ ಮಾಡುತ್ತಿತ್ತು. ಮೊದಲು ಕೂದಲೆಳೆಯಷ್ಟು ದೂರ ಇದ್ದಿರಬೇಕು. ಯಾರೋ ಮೇಜು ಜರುಗಿಸಿದಾಗಲೋ ಏನೋ, ತಾಗಿಬಿಟ್ಟಿದೆ."

ಹೊನ್ನಾಂಬೆ ಆ ಹಿತ್ತಾಳೆಯ ತುಣುಕನ್ನು ಬೆರಳ ತುದಿಯಲ್ಲಿ ಎತ್ತಿಕೊಂಡಳು. ಅವಳ ದನಿ ತಗ್ಗಿತು.

"ಇದು ಆ ನೆರೆಯ ದಿನ ನಿಂತುಹೋದ ಯಂತ್ರ. ಈ ಒಗಟಿಗೆ ಉತ್ತರ ನನಗೂ ಗೊತ್ತಿರಲಿಲ್ಲ. ನಮ್ಮಣ್ಣನ ಜೀವ ತೆಗೆದದ್ದು ಇಷ್ಟೇ ಇಷ್ಟು ತುಣುಕೇ?"



ಬೊಮ್ಮರಸ ಸಿಂಹಾಸನದಿಂದ ಇಳಿದು ಬಂದು, "ಮಾತಿನಂತೆ ಮಗಳ ಕೈ, ಅರ್ಧ ರಾಜ್ಯ ನಿನ್ನದಪ್ಪ" ಎಂದ.

"ಸ್ವಾಮೀ, ನನಗೆ ಅದು ಬೇಡ. ಸೆರೆಯಲ್ಲಿರುವವರ ಜೀವ ಕೊಡಿ. ನಮ್ಮ ಆಚಾರ್ರು ತಪ್ಪು ಹೇಳಿದರು, ನಿಜ. ಆದರೆ ರಾಜಕುಮಾರಿಯವರಿಗೇ ಗೊತ್ತಿಲ್ಲದ್ದನ್ನು ಹೇಳಲಿಲ್ಲ ಅಂತ ತಲೆ ತೆಗೆದರೆ, ನಾಳೆ ಯಾರು ತಾನೇ ಬಂದು ನೋಡುತ್ತಾರೆ?"

ಹೊನ್ನಾಂಬೆ ಭಟರ ಕಡೆ ತಿರುಗಿದಳು. "ಎಲ್ಲರನ್ನೂ ಬಿಡಿ. ಆ ಹಿರಿಯರನ್ನು ಕೈಹಿಡಿದು ಕರೆತನ್ನಿ."

ರುದ್ರಾಚಾರಿ ಬಂದವನೇ ಕೆಂಚನನ್ನು ತಬ್ಬಿಕೊಂಡ. ಆಮೇಲೆ ರಟ್ಟಿನ ಪೆಟ್ಟಿಗೆಯ ಮೇಲೆ ಓಡುತ್ತಿದ್ದ ಬೋರ್ಡನ್ನು ಕಂಡು, "ಎತ್ತಿ ನೋಡುವ ಬುದ್ಧಿ ನನಗೆ ಬರಲಿಲ್ಲವಲ್ಲ ಮಗಾ! ತಲೆ ಹೋಗುವ ಭಯಕ್ಕೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎಂದು ಕಣ್ಣೊರೆಸಿಕೊಂಡ.

ಹೊಸ ಯಂತ್ರವನ್ನು ಗುರುಶಿಷ್ಯರಿಬ್ಬರೂ ಸೇರಿ ಜೋಡಿಸಿದರು. ಪ್ರೊಸೆಸರನ್ನು ಗುರುತು ಹಿಡಿಯುವ ಬೋರ್ಡನ್ನೇ ವಿಚಾರಿಸಿ ತರಿಸಿದರು. ಹೊನ್ನಾಂಬೆ ದಿನವೂ ಬಂದು ಪಕ್ಕದಲ್ಲಿ ಕೂತಳು. ಮೊದಮೊದಲು ನೋಡಲು, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಲು. ಆ ವರ್ಷ ಹೊಳೆ ಉಕ್ಕಿದಾಗ, ಯಂತ್ರದ ಎಚ್ಚರ ಕೇಳಿ ಕೆಳಗೇರಿಯವರು ಮಕ್ಕಳುಮರಿ, ದನಕರುಗಳೊಂದಿಗೆ ಬೆಳಗ್ಗೆಯೇ ಗುಡ್ಡ ಹತ್ತಿದ್ದರು. ಒಬ್ಬರ ಜೀವವೂ ಹೋಗಲಿಲ್ಲ.

ನೆರೆ ಇಳಿದ ಮೇಲೆ ಮದುವೆಯ ಮಾತೆತ್ತಿದವಳು ಹೊನ್ನಾಂಬೆಯೇ. ಡಂಗುರದ ಮಾತಿಗಾಗಿ ಅಲ್ಲ, ತನಗೇ ಬೇಕೆನಿಸಿ. ಕೆಂಚ ಅರ್ಧ ರಾಜ್ಯವನ್ನು ಕೊನೆಗೂ ಒಪ್ಪಲಿಲ್ಲ. ಅವಳನ್ನು ಮಾತ್ರ ಒಪ್ಪಿದ.